ಅಂಗಾಲಿಗೆ ಕೇಳಿಸಿದ ಫ್ರೆಂಚ್ ರೆಗೆ

ಬೋರ್‌ವೆಲ್ ಲಾರಿಯ ಮೇಲೆ ಇಪ್ಪತ್ತು ವರ್ಷ ನಿಂತವನಿಗೆ ನಗುವಂಥ ಪ್ರಸಂಗಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ನಮ್ಮ ಮಧುಗಿರಿ, ಪಾವಗಡದ ಸೀಮೆಯಲ್ಲಿ ನೀರಿಗೆ ಬರ ಉಂಟು, ಇಂಥವಕ್ಕೆ ಇಲ್ಲ. ಆದರೆ ನಗು ಬರುವುದು ಹೇಳುವಾಗ. ನಡೆಯುವಾಗ ಯಾರಿಗೂ ನಗು ಬಂದಿರುವುದಿಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ನನ್ನ ಎರಡು ಕಿವಿಗಳ ಸಮಾಚಾರ. ನಗಬೇಕೆನಿಸಿದರೆ ನಗಿ, ನನಗೇನೂ ಕೇಳಿಸುವುದಿಲ್ಲ.

೧. ಮೂರು ವಿಷಲ್

ನಾನು ಬೋರ್ ಲಾರಿಯ ಆಪರೇಟರ್. ಅಂದರೆ ಲಿವರ್ ಹಿಡಿದು ರಾಡನ್ನು ಭೂಮಿಯೊಳಕ್ಕೆ ಇಳಿಸುವವನು, ಎತ್ತುವವನು. ನೋಡಿದವರು ಇದು ಕೈಕೆಲಸ ಅಂದುಕೊಳ್ಳುತ್ತಾರೆ. ಅಲ್ಲ, ಕಿವಿಯ ಕೆಲಸ. ನೆಲದೊಳಗೆ ರಾಡಿನ ತುದಿಯ ಹ್ಯಾಮರ್ ಬಂಡೆಗೆ ಬಡಿದರೆ ಒಂದು ಸದ್ದು, ಮೆತ್ತನೆ ಮಣ್ಣಿಗೆ ಬಿದ್ದರೆ ಇನ್ನೊಂದು, ಬಂಡೆಯ ಬಿರುಕು ಸಿಕ್ಕಿದರೆ ಮತ್ತೊಂದು. ಸದ್ದು ಬದಲಾದದ್ದು ಗೊತ್ತಾಗದವನು ರಾಡನ್ನು ಪಾತಾಳದಲ್ಲಿ ಬಿಟ್ಟು ಬರಿಗೈಲಿ ಮನೆಗೆ ಹೋಗುತ್ತಾನೆ.

ಆದ್ದರಿಂದ ಕಿವಿ ಹೋದ ಆಪರೇಟರನ್ನು ನಮ್ಮ ಕಸುಬಿನಲ್ಲಿ ಅಡುಗೆಗೆ ಹಾಕುತ್ತಾರೆ. ಲಾರಿ ಹೋದ ಕಡೆಯೆಲ್ಲ ಹೋಗಿ ಮೂರು ಕಲ್ಲು ಹೂಡಿ ಅನ್ನ ಸಾರು ಬೇಯಿಸಬೇಕು. ಕಿವಿಗಡಚಿಕ್ಕುವ ಕಂಪ್ರೆಸರ್ ಪಕ್ಕದಲ್ಲಿ ನಿಲ್ಲಿಸಿ ಕಿವಿ ತೆಗೆಯುವವರೂ ಅವರೇ, ಕಿವಿಯಿಲ್ಲ ಅಂತ ಕೈಗೆ ಸೌಟು ಕೊಡುವವರೂ ಅವರೇ. ನನಗೆ ಆ ಸೌಟಿನ ಭಯ ಸಾವಿನ ಭಯಕ್ಕಿಂತ ಜಾಸ್ತಿ ಇತ್ತು.

ನನ್ನ ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಸಣ್ಣ ಸದ್ದುಗಳು ಹೋದವು: ಗುಬ್ಬಿ, ಬಳೆ, ಮೊಬೈಲಿನ ಗಂಟೆ. ಆಮೇಲೆ ಹೆಂಗಸರ ಮಾತು. ಎದುರಿಗೆ ನಿಂತವರ ಬಾಯಿ ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಬೆನ್ನ ಹಿಂದೆ ಕರೆದರೆ ಸೊನ್ನೆ. ಒಂದು ಸಲ ಮನೆಯಲ್ಲಿ ವಾರವಿಡೀ ಬಹಳ ಶಾಂತಿ ಇತ್ತು. ಮೆಚ್ಚಿಕೊಂಡು ಹೆಂಡತಿಗೆ ಹೇಳಿದೆ, "ಈಚೆಗೆ ನಿಂಗೆ ಒಳ್ಳೇ ಸಮಾಧಾನ ಬಂದೈತೆ ಕಣೆ." ಅವಳು ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದಳು. ಎಂಟು ದಿನದಿಂದ ನನ್ನ ಬೆನ್ನ ಹಿಂದೆ ನಿಂತು ಅರಚಿಕೊಳ್ಳುತ್ತಿದ್ದಳಂತೆ. ಆಚೆಮನೆಯವರು ಹೇಳಿದರು.

ಅದಾದ ಮೇಲೆ ಬಂತು ಕುಕ್ಕರಿನ ಪ್ರಸಂಗ. "ಬೇಳೆ ಇಟ್ಟಿದೀನಿ. ಮೂರು ವಿಷಲ್ ಆದ್ಮೇಲೆ ಆರಿಸ್ರೀ, ಅಂಗಡಿಗೆ ಹೋಗಿ ಬಂದ್ಬುಡ್ತೀನಿ" ಅಂತ ಎದುರಿಗೆ ನಿಂತೇ ಹೇಳಿ ಹೋದಳು. ನಾನು ನಡುಮನೆಯಲ್ಲಿ ಕೂತು ಎಣಿಸಲು ಸಿದ್ಧನಾದೆ. ಒಂದೂ ಆಗಲಿಲ್ಲ. ಸೀದ ವಾಸನೆ ಬಂತು, ಪಕ್ಕದ ಮನೆಯವರ ಯೋಗ್ಯತೆಯೇ ಇಷ್ಟು ಅಂದುಕೊಂಡೆ. ಅಷ್ಟರಲ್ಲಿ ಆ ಪಕ್ಕದ ಮನೆಯವರೇ ಓಡಿ ಬಂದರು, ಹಿಂದೆ ನನ್ನ ಹೆಂಡತಿ.

"ಬೀದಿ ಕೊನೇಗಂಟ ಹದಿನೆಂಟು ವಿಷಲ್ ಕೇಳ್ಸೈತೆ. ಇಲ್ಲೇ ಕುಂತು ಏನ್ ಮಾಡ್ತಿದ್ರಿ?" ಅಂದಳು.

ಕಿವಿ ಹೋಗಿದೆ ಅಂದರೆ ಮಾತು ಲಾರಿಯ ಯಜಮಾನರ ತನಕ ಹೋಗುತ್ತದೆ. "ಮೊಬೈಲ್ ನೋಡ್ತಿದ್ದೆ" ಅಂದೆ. ಎಲ್ಲರೂ ಸಮಾಧಾನವಾಗಿ ಮನೆಗೆ ಹೋದರು. ಮೊಬೈಲ್ ನೋಡುತ್ತಿದ್ದೆ ಅಂದುಬಿಟ್ಟರೆ ಈಗ ಮನೆಗೆ ಬೆಂಕಿ ಬಿದ್ದರೂ ಜನ ಕ್ಷಮಿಸುತ್ತಾರೆ.

೨. ಜಟಾಧಾರಿ

ನಮ್ಮ ಯಜಮಾನರು ಕೊರಟಗೆರೆಯವರು. ಹಣೆ ತುಂಬ ವಿಭೂತಿ, ಹೆಚ್ಚು ಮಾತಿಲ್ಲ. ಅವರೂ ಒಂದು ಕಾಲದಲ್ಲಿ ಲಿವರ್ ಹಿಡಿದವರೇ. ಅವರಿಗೆ ಪಶ್ಚಿಮ ಆಫ್ರಿಕಾದ ಒಂದು ದೇಶದಲ್ಲಿ ಹಳ್ಳಿಗಳಿಗೆ ಬೋರ್ ಕೊರೆಯುವ ಕೆಲಸ ಸಿಕ್ಕಿತು. ಒಂದು ಲಾರಿಯನ್ನು ಹಡಗಿಗೆ ಹಾಕಿದರು, ಎಂಟು ತಿಂಗಳಿಗೆ ಅಂತ ನನ್ನನ್ನೂ ರಾಡಿನವನನ್ನೂ ವಿಮಾನಕ್ಕೆ ಹಾಕಿದರು. ರಾಡಿನವನು ಅಂದರೆ ನಾನು ಇಳಿಸುವ ರಾಡನ್ನು ಕೆಳಗೆ ನಿಂತು ಕೈಯಿಂದ ಹಿಡಿದು ಜೋಡಿಸುವವನು. ಪಾವಗಡದ ಆಂಧ್ರ ಗಡಿಯವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಹನ್ನೆರಡು ವರ್ಷದಿಂದ ಅವನ ಕೈ ನನ್ನ ಲಿವರಿನ ಕೆಳಗೇ ಇತ್ತು.

ಎರಡು ಹಗಲು ವಿಮಾನದಲ್ಲಿ ಕೂತು ಇಳಿದೆವು. ನಮ್ಮನ್ನು ಕರೆದುಕೊಂಡು ಹೋಗಲು ಒಬ್ಬ ಬಂದು ನಿಂತಿದ್ದ. ಆರಡಿ ಆಳು. ಸೊಂಟದ ತನಕ ಇಳಿಬಿದ್ದ ಜಟೆ, ಒಂದೊಂದು ಎಳೆಯೂ ಹೆಬ್ಬೆರಳ ಗಾತ್ರ. ಅರೆಮುಚ್ಚಿದ ಕಣ್ಣು, ಮುಖದಲ್ಲಿ ಏನೋ ಶಾಂತಿ.

ನಾವು ಶಿವನ ಒಕ್ಕಲು. ಎರಡು ದಿನದಿಂದ ಸ್ನಾನವಿಲ್ಲ, ಪೂಜೆಯಿಲ್ಲ. ಪರದೇಶದಲ್ಲಿ ಕಾಲಿಟ್ಟ ತಕ್ಷಣ ಇಂಥ ದರ್ಶನವಾದರೆ ಯಾರು ಸುಮ್ಮನಿರುತ್ತಾರೆ? ಚೀಲ ಕೆಳಗಿಟ್ಟು ಆತನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಮುಂದೆ ಹಿಡಿದೆ. ರಾಡಿನವನು ನನ್ನ ಅಂಗಿ ಎಳೆಯುತ್ತಿದ್ದ.

"ಅಣ್ಣಾ, ಆಯಪ್ಪ ಸ್ವಾಮಿ ಕಾದಣ್ಣಾ, ಸ್ವಾಮಿ ಅಲ್ಲ! ಜೀಪ್ ಡ್ರೈವರ್! ಬೋರ್ಡ್ ಹಿಡ್ಕಂಡವ್ನೆ ನೋಡು, ನಮ್ಮ ಹೆಸ್ರೈತೆ!"

ಡ್ರೈವರಿಗೆ ಗೊಂದಲವಾಯಿತು, ಆದರೆ ಬಹಳ ಸಭ್ಯಸ್ಥ. ಇದು ನಮ್ಮ ದೇಶದವರ ನಮಸ್ಕಾರದ ಪದ್ಧತಿ ಅಂದುಕೊಂಡು ತಾನೂ ಬಗ್ಗಿ ನನ್ನ ಪಾದ ಮುಟ್ಟಿದ, ವಿಭೂತಿಯನ್ನೂ ಬಳಿದುಕೊಂಡ. ಅವತ್ತಿನಿಂದ ದಿನಾ ಬೆಳಗ್ಗೆ ನಾವಿಬ್ಬರೂ ಒಬ್ಬರ ಕಾಲು ಒಬ್ಬರು ಮುಟ್ಟಿಯೇ ಜೀಪು ಹತ್ತಬೇಕಾಯಿತು. ಆ ಜಟೆ ಅವನು ಕೇಳುವ ಸಂಗೀತದ ಬಾಬ್ತು ಅಂತ ಆಮೇಲೆ ತಿಳಿಯಿತು. ರೆಗೆ ಅಂತ ಅದರ ಹೆಸರು. ಎಲ್ಲೋ ಸಮುದ್ರದಾಚೆ ಹುಟ್ಟಿದ ಅದನ್ನು ಆ ದೇಶದವರು ಫ್ರೆಂಚಿನಲ್ಲಿ ಕಟ್ಟಿ ಹಾಡುತ್ತಾರಂತೆ.

ಒಂದು ದಿನ ಅಲ್ಲಿಯ ಕಂಟ್ರಾಕ್ಟರು ಸೂಟು ಬೂಟು ಹಾಕಿಕೊಂಡು ಕೆಲಸ ನೋಡಲು ಬಂದ. ಡ್ರೈವರು ಅಭ್ಯಾಸಬಲದಿಂದ ಅವನ ಕಾಲಿಗೂ ಬಿದ್ದ. ಕಂಟ್ರಾಕ್ಟರು ಗಾಬರಿಯಾಗಿ ಓಡಿಹೋಗಿ ಜೀಪಿನ ಮುಂದಿನ ಬಂಪರ್ ನೋಡಿದ, ಯಾರನ್ನು ಗುದ್ದಿಕೊಂಡು ಬಂದಿದ್ದಾನೆ ಅಂತ.

೩. ಸತ್ತ ಅಮ್ಮನ ವಿಡಿಯೋ ಕಾಲ್

ಆ ದೇಶದಲ್ಲಿ ನನ್ನ ಕಿವಿಯ ಸುದ್ದಿ ಯಾರಿಗೂ ಗೊತ್ತಾಗಲಿಲ್ಲ. ಯಾರು ಏನು ಕೇಳಿದರೂ ತಲೆಯಾಡಿಸಿ "ವೀ" ಅನ್ನುತ್ತಿದ್ದೆ. ಫ್ರೆಂಚಿನಲ್ಲಿ ಹಾಗೆಂದರೆ ಹೌದು ಅಂತ. ಎಡವಟ್ಟಾದರೆ ಪಾಪ, ಭಾಷೆ ಬರಲ್ಲ ಅಂದುಕೊಳ್ಳುತ್ತಿದ್ದರು. ಕಿವುಡನಿಗೆ ಪರದೇಶದಷ್ಟು ನೆಮ್ಮದಿಯ ಜಾಗ ಬೇರೆ ಇಲ್ಲ.

ಮೊದಲ ತಿಂಗಳು, ಕೆಮ್ಮಣ್ಣಿನ ರಸ್ತೆಯಲ್ಲಿ ದೂರದ ಹಳ್ಳಿಗೆ ಹೋಗುತ್ತಿದ್ದೆವು. ಡ್ರೈವರು ಏನೋ ಗುಂಡಿ ಒತ್ತಿದ. ಸೀಟಿನ ಕೆಳಗಿನಿಂದ ಏನೋ ನನ್ನ ಬೆನ್ನಿಗೆ ಗುದ್ದಿತು. ದುಮ್. ಸ್ವಲ್ಪ ಸುಮ್ಮನಿತ್ತು. ಮತ್ತೆ ದುಮ್, ದುಮ್. ಟೈರು ಹೋಯಿತು ಅಂತ ಬಾಗಿಲು ಹಿಡಿದುಕೊಂಡೆ. ಬಾಗಿಲೂ ಬಡಿಯುತ್ತಿತ್ತು, ತಾಳಕ್ಕೆ ಸರಿಯಾಗಿ. ನಮ್ಮ ಭಜನೆಯಲ್ಲಿ ಪೆಟ್ಟು ಬೀಳುವ ಕಡೆ ಇದು ಸುಮ್ಮನಿರುತ್ತಿತ್ತು, ಸುಮ್ಮನಿರಬೇಕಾದ ಕಡೆ ಬಂದು ಎದೆಗೆ ತಾಗುತ್ತಿತ್ತು. ಸೀಟಿನ ಕೆಳಗೆ ಅಷ್ಟುದ್ದದ ಸ್ಪೀಕರ್ ಪೆಟ್ಟಿಗೆ ಇತ್ತು.

ಎರಡು ವರ್ಷದಿಂದ ನನಗೆ ಹಾಡು ಅನ್ನುವುದೇ ಇರಲಿಲ್ಲ. ಭಜನೆಗೆ ಕೂತರೆ ತಾಳವಿಲ್ಲ, ಮದುವೆಗೆ ಹೋದರೆ ಓಲಗದವರು ಕೆನ್ನೆ ಉಬ್ಬಿಸಿಕೊಂಡು ಸುಮ್ಮನೆ ನಿಂತಂತೆ ಕಾಣುತ್ತಿತ್ತು. ಈಗ ಯಾವುದೋ ದೇಶದ ಯಾವುದೋ ಜೀಪಿನಲ್ಲಿ ಒಂದು ಹಾಡು ನನ್ನನ್ನು ಹುಡುಕಿಕೊಂಡು ಸೀಟಿನ ಅಡಿಯಿಂದ ಬಂದಿತ್ತು. ನಾನು ಜೋರಾಗಿ ಅತ್ತುಬಿಟ್ಟೆ.

ಡ್ರೈವರು ಜೀಪು ನಿಲ್ಲಿಸಿ ರಾಡಿನವನಿಗೆ ಕೈಸನ್ನೆಯಲ್ಲಿ ಕೇಳಿದ, ಯಾಕೆ? ರಾಡಿನವನಿಗೆ ಕಾರಣ ಗೊತ್ತಿರಲಿಲ್ಲ. ಆದರೆ ಅವನು ನನ್ನ ಮರ್ಯಾದೆ ಬಿಟ್ಟುಕೊಡುವವನಲ್ಲ. "ಮಾಮಾ" ಅಂದು ಆಕಾಶ ತೋರಿಸಿದ. ಅಲ್ಲಿಯವರಿಗೆ ಹಾಗೆಂದರೆ ಅಮ್ಮ. ಆಮೇಲೆ ಗದರಿದರೆ, "ಗಂಡ್ಸು ಅಳ್ಬೇಕಂದ್ರೆ ಒಂದು ಮರ್ಯಾದಸ್ಥ ಕಾರಣ ಬ್ಯಾಡ್ವೇನಣ್ಣಾ?" ಅಂದ.

ಡ್ರೈವರು ಮುಂದಿನ ಪ್ರತಿ ಊರಿನಲ್ಲೂ ಸುದ್ದಿ ಹೇಳಿದ. ಮುದುಕಿಯರು ಬಂದು ನನ್ನ ತಲೆ ಸವರಿದರು. ಚೆಕ್‌ಪೋಸ್ಟಿನ ಪೊಲೀಸರು ಟೋಪಿ ತೆಗೆದರು. ಸಂಜೆಯ ಹೊತ್ತಿಗೆ ಜೀಪಿನಲ್ಲಿ ಸಂತಾಪದ ಬಾಳೆಹಣ್ಣು ಐದು ಗೊನೆ ಕೂಡಿತ್ತು. ಸುಳ್ಳು ಅಂತ ಹೇಳಿದರೆ ಅಷ್ಟು ಹಣ್ಣು ವಾಪಸು ಕೊಡಬೇಕಲ್ಲ, ಒಂದು ಸುಲಿದುಕೊಂಡು ತಿಂದೆ.

ಅಷ್ಟರಲ್ಲಿ ಮಧುಗಿರಿಯಿಂದ ವಿಡಿಯೋ ಕಾಲ್ ಬಂತು. ಅಮ್ಮ. ಪರದೆ ತುಂಬ ಅವಳ ಮುಖ, ಬಾಯಿ ನೋಡಿದರೇ ಸಾಕು: "ಸ್ನಾನ ಮಾಡಿದ್ಯೇನ್ಲಾ? ಮುಖ ಯಾಕ್ಲಾ ಹಿಂಗೈತೆ?" ಡ್ರೈವರು ಬಗ್ಗಿ ನೋಡಿ, ಯಾರು ಅಂತ ಸನ್ನೆ ಮಾಡಿದ. ರಾಡಿನವನು ಬೆವರಿಕೊಂಡು "ಮಾಮಾ" ಅಂದ. ಡ್ರೈವರು ತನ್ನ ಫೋನು ತೆಗೆದು, ಒಂದು ನಂಬರು ತೋರಿಸಿ, ಮುಖ ಸ್ವಲ್ಪವೂ ಸಡಿಲಿಸದೆ ರಾಡಿನವನಿಗೆ ಏನೋ ಹೇಳಿದ. ಫ್ರೆಂಚ್ ಕಲಿತ ಮೇಲೆ ರಾಡಿನವನು ಬಿಡಿಸಿ ಹೇಳಿದ:

"ನಮ್ಮಪ್ಪ ಸತ್ತು ಆರು ವರ್ಷ ಆಯ್ತು. ನಿಮ್ಮ ಕಂಪನಿಯ ಸಿಗ್ನಲ್ ಚೆನ್ನಾಗಿದೆ, ಇದಕ್ಕೂ ಒಂದು ಕಾಲ್ ಹಚ್ಚಿಕೊಡಿ."

೪. ಹಾಡುವವನೂ ಇದ್ದಾನೆ

ರಾಡಿನವನು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವನು. ಮೂರನೇ ಭಾಷೆ ಅವನಿಗೆ ಭಾರವಾಗಲಿಲ್ಲ. ಎರಡು ತಿಂಗಳಲ್ಲಿ ಡ್ರೈವರ ಜೊತೆ ಜಗಳ ಆಡುವಷ್ಟು ಫ್ರೆಂಚ್ ಕಲಿತ. ನಾನು ಕಲಿತದ್ದು ರೆಗೆ ಒಂದೇ. ಜೀಪು ಹತ್ತಿದರೆ ಚಪ್ಪಲಿ ಬಿಟ್ಟು ಅಂಗಾಲನ್ನು ಪೆಟ್ಟಿಗೆಗೆ ಒತ್ತಿ ಕೂರುತ್ತಿದ್ದೆ. ಹಾಡಿಗೂ ಹಾಡಿಗೂ ಇರುವ ವ್ಯತ್ಯಾಸ ಹಿಮ್ಮಡಿಗೆ ಗೊತ್ತಾಗುತ್ತಿತ್ತು.

ಒಂದು ದಿನ ಖುಷಿಯಲ್ಲಿ ಹೇಳಿದೆ, "ಎಲ್ಲಾ ಚೆನ್ನಾಗೈತೆ ಕಣ್ಲಾ, ಒಂದೇ ಕೊರತೆ. ಯಾರಾದ್ರೂ ನಾಕು ಸಾಲು ಹಾಡಿದ್ದಿದ್ರೆ ಇನ್ನೂ ಚೆನ್ನಾಗಿರೋದು."

ರಾಡಿನವನು ನನ್ನ ಕಡೆ ತಿರುಗಿದ. "ಅಣ್ಣಾ, ಎರಡು ತಿಂಗ್ಳಿಂದ ಆ ಹಾಡೋನು ಗಂಟ್ಲು ಕಿತ್ಕಂಡು ಹಾಡ್ತಾವ್ನೆ. ಅವನ ಹಿಂದೆ ಮೂವರು ಹೆಂಗಸ್ರು ಬೇರೆ."

ಅವನು ತನ್ನ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಅಂದ. ನಾನು ರೂಢಿಯಂತೆ ತಲೆಯಾಡಿಸಿದೆ. ಅವನು ಕೈ ತೆಗೆದ.

"ನಿನ್ನ ಹೆಗಲ ಮ್ಯಾಲೆ ಹಾವೈತೆ ಅಂದೆ ಅಣ್ಣಾ. ಹೂಂ ಅಂದ್ಬುಟ್ಟೆ."

ಸಿಕ್ಕಿಬಿದ್ದೆ. ಅವನಿಗೆ ಎಲ್ಲ ಹೇಳಿದೆ, ಸೌಟಿನ ಭಯವನ್ನೂ ಹೇಳಿದೆ. ನನ್ನ ಲಿವರಿನ ಕೆಳಗೆ ತನ್ನ ಕೈ ಇಡುವವನು ಅವನು. ಹೆದರಬೇಕಾದವನು ಅವನು. ಆದರೆ ಅವನು ಹೆದರಲಿಲ್ಲ, ಉಪಾಯ ಹೇಳಿದ. ಇಬ್ಬರೂ ಬರಿಗಾಲಲ್ಲಿ ಲಾರಿಯ ಕಬ್ಬಿಣದ ಹಲಗೆಯ ಮೇಲೆ ನಿಲ್ಲುವುದು. ಅವನು ಒಂದು ಸಲ ಕಾಲು ಬಡಿದರೆ ಇಳಿಸು, ಎರಡು ಸಲ ಬಡಿದರೆ ನಿಲ್ಲಿಸು. ಬಂಡೆ ಯಾವುದು, ಮಣ್ಣು ಯಾವುದು ಅನ್ನುವುದು ಹೇಗೂ ಅಂಗಾಲಿಗೆ ತಿಳಿಯುತ್ತಿತ್ತು, ರೆಗೆ ಕಲಿಸಿತ್ತು. ಉಳಿದ ಆರು ತಿಂಗಳು ಒಂದು ರಾಡೂ ಸಿಕ್ಕಿಕೊಳ್ಳಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಕೊರೆದದ್ದೇ ಇಲ್ಲ.

ಒಂದು ಊರಿನಲ್ಲಿ ಮಾತ್ರ ತೊಂದರೆಯಾಯಿತು. ನಮ್ಮ ಕಾಲು ಬಡಿತ ನೋಡಿ ಅದು ಗಂಗಮ್ಮನನ್ನು ಕರೆಯುವ ನಮ್ಮ ಕಡೆಯ ಕುಣಿತ ಅಂದುಕೊಂಡರು. ನೀರು ಚಿಮ್ಮಿದಾಗ ಊರ ಹಿರಿಯರು ಸಂತೋಷ ತಡೆಯಲಾರದೆ ಹಲಗೆಯ ಮೇಲೆ ಹತ್ತಿ ತಾವೂ ಕುಣಿದರು. ನಾನು ಏಳು ಸಲ ಮಿಶನ್ ನಿಲ್ಲಿಸಿ ಏಳು ಸಲ ಶುರು ಮಾಡಿದೆ.

೫. ಕಾಲಲ್ಲಿ ಕೇಳುವ ಗಿರಾಕಿ

ವಾಪಸು ಬಂದ ಮೇಲೆ ಪೆನ್‌ಡ್ರೈವ್ ತುಂಬ ಹಾಡಿತ್ತು, ಕೇಳಲು ಪೆಟ್ಟಿಗೆ ಇರಲಿಲ್ಲ. ಶಿರಾದಲ್ಲಿ ಕಾರಿಗೆ ಸ್ಪೀಕರ್ ಕೂರಿಸುವ ಒಬ್ಬ ಸಾಬರ ಅಂಗಡಿಗೆ ಹೋದೆ. ಅವರು ನಾಲ್ಕು ಪೆಟ್ಟಿಗೆ ತೋರಿಸಿದರು. ನಾನು ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ಕಾಲಿಟ್ಟು ನೋಡಿದೆ.

"ಅರೆ ಭಾಯ್, ಕಾನ್ ಸೆ ಸುನೋ, ಪಾಂವ್ ಸೆ ನಕ್ಕೋ!" ಅಂತ ಸಾಬರು ಕಿವಿ ತೋರಿಸಿ, ಕಾಲು ತೋರಿಸಿ, ಕೈಯಾಡಿಸಿದರು. ನಾನು ಮೂರನೇ ಪೆಟ್ಟಿಗೆಯ ಮೇಲೆ ನಿಂತು, ಇದರ ಎಡಗಡೆ ಏನೋ ಸಡಿಲ ಇದೆ ಅಂದೆ. ಸಾಬರು ನಂಬದೆ ಬಿಚ್ಚಿ ನೋಡಿದರೆ ಒಂದು ಸ್ಕ್ರೂ ಬಿದ್ದೇ ಹೋಗಿತ್ತು. ಕೊನೆಗೆ ಅವರೇ ಮಗನನ್ನು ಕರೆದು, ಚಪ್ಪಲಿ ಬಿಟ್ಟು ನಿಂತು ಕೇಳು ಅಂದರು.

ಮನೆಯಲ್ಲಿ ಪೆಟ್ಟಿಗೆ ಇಟ್ಟ ಮೊದಲ ದಿನವೇ ಗೋಡೆ ಅದುರಿ ಮಾವನವರ ಫೋಟೋ ಕೆಳಗೆ ಬಿತ್ತು. ಹೆಂಡತಿ ಮೂರು ದಿನ ಮಾತು ಬಿಟ್ಟಳು, ನನಗೆ ಗೊತ್ತಾಗಲಿಲ್ಲ. ನಾಲ್ಕನೆಯ ದಿನ ಎದುರಿಗೆ ಬಂದು ಕೂತಳು.

"ಏನಂತ ಹಾಡ್ತಾನ್ರೀ ಅವನು?"

ರಾಡಿನವನು ಬಿಡಿಸಿ ಹೇಳಿದ್ದು ನೆನಪಿತ್ತು. ದೊಡ್ಡವರು ನಾಡನ್ನು ತಿಂದು ತೇಗಿದರು, ಬಡವರ ಮಕ್ಕಳನ್ನು ಯುದ್ಧಕ್ಕೆ ಕಳಿಸಿದರು, ಸತ್ತವರ ಲೆಕ್ಕ ಇಟ್ಟವರಿಲ್ಲ, ಹೆತ್ತವರು ಮಣ್ಣು ಮಾಡಿ ಮನೆಗೆ ಬಂದರು. ಹೆಚ್ಚು ಕಡಿಮೆ ಎಲ್ಲ ಹಾಡೂ ಇದೇ ಅಂದೆ.

ಹೆಂಡತಿ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿದ್ದ ನನ್ನ ಕಾಲನ್ನೂ ನನ್ನ ಮುಖವನ್ನೂ ನೋಡಿದಳು. "ಅವರ ಮನೆ ಸಾವಿಗೆ ನೀವ್ಯಾಕ್ರೀ ಕುಣೀತಿದೀರಾ?"

೬. ಸುರಕ್ಷತೆ

ಇದನ್ನು ಹೇಳದೆ ಬಿಡುವಂತಿದ್ದರೆ ಬಿಡುತ್ತಿದ್ದೆ.

ತಿರುಮಣಿ ಕಡೆ, ಸೋಲಾರ್ ಪ್ಯಾನೆಲ್‌ಗಳ ಬಯಲಿಗೆ ಅಂಟಿಕೊಂಡ ಒಂದು ಖಾಸಗಿ ಜಮೀನಿನಲ್ಲಿ ಬೋರ್ ಕೆಲಸ. ಅಲ್ಲಿ ಒಬ್ಬ ಸೂಪರ್‌ವೈಜರ್ ಇದ್ದ, ಮಿರಿಮಿರಿ ಮಿಂಚುವ ಹಸಿರು ಜಾಕೆಟ್ಟಿನವನು. ನಾವು ಬರಿಗಾಲಲ್ಲಿ ಹಲಗೆ ಹತ್ತಿದ್ದು ನೋಡಿ ಕೆಲಸ ನಿಲ್ಲಿಸಿದ. ದಪ್ಪ ಅಟ್ಟೆಯ ಶೂ ಕೊಟ್ಟ, ಹೆಲ್ಮೆಟ್ ಕೊಟ್ಟ, ಕಿವಿಗೆ ಇಟ್ಟುಕೊಳ್ಳುವ ಹಳದಿ ಬಿರಡೆ ಕೊಟ್ಟ.

"ಶೂ ಇಲ್ದೆ ಲಿವರ್ ಮುಟ್ಟಂಗಿಲ್ಲ. ಕಿವಿ ಒಂದ್ಸಲ ಹೋದ್ರೆ ಮತ್ತೆ ಬರಲ್ಲ, ತಿಳ್ಕಳ್ಳಿ" ಅಂತ ತಾನೇ ನನ್ನ ಎರಡೂ ಕಿವಿಗೆ ಬಿರಡೆ ಒತ್ತಿದ. ರಾಡಿನವನು ನಗು ತಡೆಯಲಾರದೆ ಆ ಕಡೆ ತಿರುಗಿಕೊಂಡ. ಶೂ ಬೇಡ ಅನ್ನಬೇಕಿತ್ತು. ಯಾಕೆ ಬೇಡ ಅಂದರೆ ಹೇಳಬೇಕಾಗುತ್ತಿತ್ತು. ನಾನು ಹಾಕಿಕೊಂಡೆ.

ಹನ್ನೆರಡನೇ ರಾಡು ಜೋಡಿಸುವಾಗ ಅವನ ಎಡಗೈ ಕೀಲಿನಲ್ಲಿ ಸಿಕ್ಕಿತು. ಎರಡು ಸಲ ಕಾಲು ಬಡಿದ. ಮತ್ತೆ ಎರಡು ಸಲ. ಆಮೇಲೆ ಎಷ್ಟು ಸಲ ಅಂತ ಅವನಿಗೂ ಗೊತ್ತಿಲ್ಲ. ನಾನು ಎರಡಂಗುಲ ರಬ್ಬರಿನ ಮೇಲೆ ನಿಂತು, ಮೀಟರು ನೋಡುತ್ತಾ, ನೆಮ್ಮದಿಯಾಗಿ ಲಿವರ್ ಇಳಿಸುತ್ತಿದ್ದೆ. ತಲೆ ಎತ್ತಿದಾಗ ಅವನ ಬಾಯಿ ತೆರೆದಿತ್ತು. ಎರಡು ಬೆರಳು ಹೋಗಿದ್ದವು, ಉಂಗುರದ್ದು, ಕಿರುಬೆರಳು.

ಟವೆಲ್ ಸುತ್ತಿ ಸೂಪರ್‌ವೈಜರನ ಜೀಪಿನಲ್ಲಿ ಪಾವಗಡಕ್ಕೆ ಕರೆದುಕೊಂಡು ಹೋದೆವು. ಟವೆಲ್ ಕೆಂಪಾಗುತ್ತಿತ್ತು. "ಆ ಡ್ರೈವರಪ್ಪನ ಹಾಡು ಹಾಕಣ್ಣಾ" ಅಂದ. ಫೋನಿನಲ್ಲಿ ಹಾಕಿದೆ. ಸಣ್ಣ ಫೋನು, ಅದರ ಹಾಡು ನನಗೆ ಮುಟ್ಟುವುದಿಲ್ಲ. ಅವನು ಸೀಟಿಗೆ ತಲೆಯೊರಗಿಸಿ, ನೋವಿಗೆ ಹಲ್ಲು ಕಚ್ಚಿ ಕಚ್ಚಿ, ಆ ಫ್ರೆಂಚ್ ಸಾಲುಗಳನ್ನು ಹಾಡಿಕೊಂಡ. ನಾನು ಅವನ ಬಾಯಿ ನೋಡುತ್ತಿದ್ದೆ. ಕನ್ನಡವಾಗಿದ್ದರೆ ಬಾಯಿ ನೋಡಿ ತಿಳಿಯುತ್ತಿತ್ತು. ಬದುಕಿನಲ್ಲಿ ಒಂದು ಹಾಡಿನ ಮಾತು ಕೇಳಬೇಕು ಅಂತ ನಾನು ಅಷ್ಟು ಆಸೆಪಟ್ಟದ್ದು ಅವತ್ತು ಒಂದೇ ದಿನ.

ಡಾಕ್ಟರು ಹೇಗಾಯಿತು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು, "ನಾನೇ ಕೈ ಇಟ್ಟೆ ಸಾರ್, ಅಣ್ಣಂದು ಏನೂ ತಪ್ಪಿಲ್ಲ" ಅಂದ. ಎರಡು ಬೆರಳು ಕೊಟ್ಟು ನನ್ನ ಕೆಲಸ ಉಳಿಸಿದ. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಈಗಲೂ ನನ್ನನ್ನು ತಿನ್ನುತ್ತದೆ.

ಹೊರಗೆ ಸೂಪರ್‌ವೈಜರ್ ಒಂದು ಫಾರಂ ತುಂಬಿಸುತ್ತಿದ್ದ. ಶೂ ಇತ್ತೇ? ಇತ್ತು. ಹೆಲ್ಮೆಟ್? ಇತ್ತು. ಕಿವಿಗೆ ಬಿರಡೆ? ಇತ್ತು. ಕೊನೆಯ ಸಾಲು ನನಗೇ ತೋರಿಸಿ ಸಹಿ ಹಾಕಿಸಿಕೊಂಡ: "ಎಲ್ಲ ಸುರಕ್ಷತಾ ಕ್ರಮ ಪಾಲಿಸಲಾಗಿತ್ತು. ಆದ್ದರಿಂದ ಅಪಘಾತಕ್ಕೆ ಕಾರಣ ಇಲ್ಲ."

೭. ಮರ್ಯಾದೆ

ಹದಿನೈದು ದಿನ ಅನ್ನ ಸೇರಲಿಲ್ಲ. ಹದಿನಾರನೆಯ ದಿನ ಬೆಳಗ್ಗೆ ರಾಡಿನವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೊರಟಗೆರೆಗೆ ಹೊರಟೆ. ಯಜಮಾನರಿಗೆ ನಿಜ ಹೇಳುತ್ತೇನೆ, ಆದದ್ದಾಗಲಿ ಅಂದೆ. "ಒದ್ದಣ್ಣಾ, ಬ್ಯಾಡ, ನಿಂಗೆ ಸೌಟು ಕೊಡ್ತಾರೆ" ಅಂತ ದಾರಿಯುದ್ದಕ್ಕೂ ಬೈಕಿನ ಕನ್ನಡಿಯಲ್ಲಿ ಬಾಯಿ ತೋರಿಸಿ ಬೇಡಿಕೊಂಡ. ಮನೆಯ ಗೇಟಿನಲ್ಲಿ ಅವನನ್ನು ನಿಲ್ಲಿಸಿ ಒಳಗೆ ಹೋದೆ.

ಯಜಮಾನರು ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ನಾನು ನೆಲದ ಮೇಲೆ ಕೂತೆ. ನಾಚಿಕೆಗೆ ಮುಖ ಎತ್ತಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ. ಕಿವಿ ಹೋಗಿ ಮೂರು ವರ್ಷವಾಯಿತು, ಮುಚ್ಚಿಟ್ಟೆ, ಅವನ ಬೆರಳು ಹೋದದ್ದು ನನ್ನಿಂದ, ಲಿವರ್ ಅವನಿಗೆ ಕೊಡಿ, ನನ್ನನ್ನು ಅಡುಗೆಗೆ ಹಾಕಿ. ಹೇಳುತ್ತಾ ಹೇಳುತ್ತಾ ಅಳು ಬಂತು. ಮುಗಿಸಿ ಕಣ್ಣೊರೆಸಿಕೊಂಡು ನೋಡಿದೆ. ಯಜಮಾನರು ನಗುತ್ತಿದ್ದರು.

"ಆಯ್ತು ಬುಡು, ಎಲ್ಲಾ ಶಿವನಿಚ್ಛೆ" ಅಂದು ನನ್ನ ಬೆನ್ನು ತಟ್ಟಿದರು. "ಮುಂದಿನ ತಿಂಗ್ಳು ಹೊಸ ಲಾರಿ ಬತ್ತೈತೆ. ಅದಕ್ಕೂ ನೀನೇ ಆಪರೇಟರ್ ಕಣ್ಲಾ."

ಎಂಥ ದೊಡ್ಡ ಮನಸ್ಸು! ನಾನು ಅವರ ಕಾಲು ಹಿಡಿದುಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಅಮ್ಮಾವರು, ಒಂದು ಕಂತೆ ಸ್ಟೀಲ್ ತಟ್ಟೆ ಹಿಡಿದುಕೊಂಡು ಯಜಮಾನರ ಹಿಂದಿನ ಬಾಗಿಲಿಗೆ ಬಂದರು. ಹೊಸ್ತಿಲು ಎಡವಿದರು. ಅಷ್ಟೂ ತಟ್ಟೆ ಕಲ್ಲಿನ ನೆಲಕ್ಕೆ ಬಿದ್ದು ಉರುಳಿಕೊಂಡು ಹೋದವು. ಬೆಕ್ಕು ಗೋಡೆ ಹಾರಿತು. ಗೇಟಿನಲ್ಲಿದ್ದ ರಾಡಿನವನು ಬೆಚ್ಚಿ ಬಿದ್ದ. ನನಗೆ ಕೇಳಿಸಲಿಲ್ಲ, ಕಂಡದ್ದು ಅಷ್ಟೇ. ಯಜಮಾನರು ತಣ್ಣಗೆ ಇನ್ನೊಂದು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು.

ನಾನು ಅಮ್ಮಾವರ ಮುಖ ನೋಡಿದೆ. ಅವರು ತಟ್ಟೆ ಎತ್ತುವುದನ್ನೂ ಬಿಟ್ಟು, ಬೇಡ ಅನ್ನುವ ಹಾಗೆ ಎರಡೂ ಕೈ ಮುಗಿದರು.

ಲಾರಿಯ ಸದ್ದಿನಲ್ಲಿ ಕಳೆದ ಇಪ್ಪತ್ತೈದು ವರ್ಷ ಅವರ ಕಿವಿಯನ್ನು ಮಾತ್ರ ಬಿಟ್ಟುಬಿಡುತ್ತದೆಯೇ? ನನ್ನ ತಪ್ಪೊಪ್ಪಿಗೆಯ ಒಂದು ಅಕ್ಷರವೂ ಅವರಿಗೆ ಮುಟ್ಟಿರಲಿಲ್ಲ. ನಾನು ತಲೆ ತಗ್ಗಿಸಿದ್ದರಿಂದ ಬಾಯಿಯೂ ಕಂಡಿರಲಿಲ್ಲ. ಹೊಸ ಲಾರಿಯ ಲಿವರ್ ನನ್ನ ಕೈಲಿತ್ತು. ಸುಮ್ಮನೆ ಎದ್ದು ಬಂದಿದ್ದರೆ ಆಗುತ್ತಿತ್ತು. ಗೇಟಿನಲ್ಲಿ ಅವನು ಬ್ಯಾಂಡೇಜಿನ ಕೈಯಲ್ಲಿ, ಬಾ, ಹೋಗೋಣ ಅಂತ ಕರೆಯುತ್ತಲೂ ಇದ್ದ. ಆ ಕೈ ನೋಡಿದ ಮೇಲೆ ನನಗೆ ಏಳಲಾಗಲಿಲ್ಲ.

ಯಜಮಾನರ ಎದುರಿಗೆ ನಿಂತು, ಮುಖ ಎತ್ತಿ, ಕಂಪ್ರೆಸರ್ ಪಕ್ಕದಲ್ಲಿ ಕೂಗುವ ಹಾಗೆ ಕೂಗಿದೆ. "ನಾನು ಕಿವುಡ, ಯಜಮಾನ್ರೇ! ನಂಗೆ ಕಿವಿ ಇಲ್ಲ! ಅವನ ಬೆರಳು ತೆಗೆದೋನು ನಾನು! ನನ್ನ ಕೈಗೆ ಲಿವರ್ ಕೊಡಬ್ಯಾಡಿ! ನಿಮ್ಗೂ ಕೇಳ್ಸಲ್ಲ, ನಂಗೂ ಕೇಳ್ಸಲ್ಲ, ಸಾಯೋರು ಮಾತ್ರ ಕೆಳಗಿರೋರು!"

ಎದುರು ಮನೆಯವರು ಹೊರಗೆ ಬಂದರು. ಹೋಟೆಲಿನವರು ಲೋಟ ಹಿಡಿದುಕೊಂಡೇ ಬಂದರು. ಬಸ್ಸಿಗೆ ಹೊರಟವರು ಬಸ್ಸು ಬಿಟ್ಟು ಗೇಟಿಗೆ ಜೋತುಬಿದ್ದರು. ನಾನು ಮೂರು ಸಲ ಕೂಗಿದೆ. ಮೂರನೆಯ ಸಲಕ್ಕೆ ಯಜಮಾನರ ಕೈಯಿಂದ ಕಡಲೆಕಾಯಿ ಬಿತ್ತು, ಕಣ್ಣು ತುಂಬಿತು. ಅವರಿಗೆ ತಿಳಿಯಿತು. ನನ್ನನ್ನು ಹತ್ತಿರ ಎಳೆದುಕೊಂಡು, ಗೇಟಿನಲ್ಲಿ ನಿಂತ ಅರ್ಧ ಊರನ್ನು ನೋಡದೆ, ಗುಟ್ಟು ಹೇಳುವವರಂತೆ ಬಾಯಿಯ ಆ ಬದಿಗೆ ಕೈ ಅಡ್ಡ ಇಟ್ಟುಕೊಂಡು, ಜಗಲಿಯ ಕಂಬ ಅದುರುವ ಹಾಗೆ ಗರ್ಜಿಸಿದರು:

"ಮೆತ್ತಗೆ ಹೇಳ್ಲಾ! ಯಾರಾದ್ರೂ ಕೇಳಿಸ್ಕಂಡ್ರೆ ನಮ್ಮಿಬ್ಬರ ಮರ್ಯಾದೆ ಏನಾಗ್ಬೇಕು?"